‘ನ್ಯಾಶ್‌ವಿಲ್ ಸ್ಕೈಲೈನ್’: ಒಂದು ಧ್ವನಿಮುದ್ರಿಕೆ ಮತ್ತು ಎರಡು ಹೆಸರುಗಳ ಚರಿತ್ರೆ

೧೯೬೯ನೆಯ ಇಸವಿ ಏಪ್ರಿಲ್ ೯ರಂದು ಅಮೆರಿಕದ ಕೊಲಂಬಿಯಾ ಸಂಸ್ಥೆಯವರು ‘ನ್ಯಾಶ್‌ವಿಲ್ ಸ್ಕೈಲೈನ್’ ಎಂಬ ಧ್ವನಿಮುದ್ರಿಕೆಯನ್ನು ಪ್ರಕಟಿಸಿದರು. ಇದರಲ್ಲಿನ ಹಾಡುಗಳನ್ನು ಕಟ್ಟಿ ಹಾಡಿದವನು ಬಾಬ್ ಡಿಲನ್. ಒಟ್ಟು ಹತ್ತು ರಚನೆಗಳು. ಅವುಗಳಲ್ಲಿ ಒಂದು ಕೇವಲ ವಾದ್ಯಸಂಗೀತ. ಎಲ್ಲವನ್ನೂ ಕೇಳಿ ಮುಗಿಸಲು ಅರ್ಧ ಗಂಟೆಯೂ ಬೇಕಾಗುವುದಿಲ್ಲ. ಇಷ್ಟು ಅಲ್ಪಗಾತ್ರದ ಕೃತಿಯ ಸುತ್ತ ಎದ್ದ ವಾಗ್ವಾದವು ಮಾತ್ರ ಅಲ್ಪವಾಗಿರಲಿಲ್ಲ. ಅದುವರೆಗೆ ‘ಫೋಕ್’ ಗಾಯಕನೆಂದು ಹೆಸರಾಗಿದ್ದವನು ‘ಕಂಟ್ರಿ’ ಸಂಗೀತವನ್ನು ಹಾಡಿದನೆಂಬುದೇ ಆ ವಿವಾದದ ಬೀಜ. ಆತನ ಹಳೆಯ ಶ್ರೋತೃಗಳಲ್ಲಿ ಕೆಲವರು ಇದನ್ನು ಅಭಿರುಚಿಯ ಬದಲಾವಣೆಯೆಂದು ಬಗೆಯದೆ ಪಕ್ಷಾಂತರವೆಂದೇ ಬಗೆದರು. ಪಕ್ಷಾಂತರವೆನ್ನಬೇಕಾದರೆ ಎರಡು ಪಕ್ಷಗಳೂ ನಡುವೆ ಒಂದು ಗಡಿಯೂ ಇರಬೇಕಷ್ಟೆ. ಆ ಗಡಿಯನ್ನು ಯಾರು, ಯಾವಾಗ, ಏತಕ್ಕಾಗಿ ಎಳೆದರೆಂಬುದನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ. ನಾವು ಸಂಗೀತಶಾಸ್ತ್ರಜ್ಞರಲ್ಲ, ಆದುದರಿಂದ ಇಲ್ಲಿ ಚರಿತ್ರೆಯ ದೃಷ್ಟಿಯೇ ಪ್ರಧಾನವಾಗಿರುವುದು.

ಮೊದಲಿಗೆ ಹೆಸರುಗಳ ವಿಷಯವಾಗಿ ಒಂದು ಮಾತು. ಈ ಎರಡು ಇಂಗ್ಲಿಷ್ ಪದಗಳನ್ನು ಕನ್ನಡಕ್ಕೆ ತರಲು ಹೊರಟವನಿಗೆ ಒಂದು ವಿನೋದದ ತೊಡಕು ಎದುರಾಗುತ್ತದೆ. ‘ಫೋಕ್’ ಎಂಬುದಕ್ಕೆ ನಮ್ಮ ವಿದ್ವಾಂಸರು ‘ಜನಪದ’ವೆಂಬ ಪದವನ್ನು ರೂಢಿಗೆ ತಂದಿದ್ದಾರೆ. ಆದರೆ ಸಂಸ್ಕೃತದಲ್ಲಿ ಜನಪದವೆಂದರೆ ಜನರು ನೆಲೆಸಿದ ನಾಡು, ಪುರಕ್ಕೆ ಹೊರತಾದ ಪ್ರದೇಶ. ಇಂಗ್ಲಿಷಿನ ‘ಕಂಟ್ರಿ’ ಎಂಬ ಪದದ ಅರ್ಥವೂ ಹೆಚ್ಚುಕಡಮೆ ಅದೇ. ಎಂದಮೇಲೆ ಅಮೆರಿಕದವರು ಯಾವ ಎರಡನ್ನು ಬೇರೆ ಬೇರೆ ಎಂದು ವಾದಿಸಿ ಕಾದಾಡಿದರೋ ಅವೆರಡೂ ಕನ್ನಡದಲ್ಲಿ ಒಂದೇ ಪದದೊಳಗೆ ಅಡಗಿ ಕುಳಿತಿವೆ! ಗೊಂದಲವಾಗದಿರಲೆಂದು ಮುಂದೆ ಫೋಕ್, ಕಂಟ್ರಿ ಎಂಬ ಮೂಲಪದಗಳನ್ನೇ ಬಳಸಿದ್ದೇವೆ. ಆದರೆ ಇದು ಅನುವಾದಕನೊಬ್ಬನ ತೊಡಕು ಮಾತ್ರವಲ್ಲ. ಅಮೆರಿಕದಲ್ಲಿಯೇ ಈ ಹೆಸರುಗಳು ಒಂದು ಕಾಲಕ್ಕೆ ಅದಲುಬದಲಾಗಿ ಬಳಕೆಯಲ್ಲಿದ್ದುವು.

ಡಿಲನ್ನನ ಪರಿಚಯವನ್ನು ದೀರ್ಘವಾಗಿ ಮಾಡಿಕೊಡಬೇಕಾದ ಅಗತ್ಯವಿಲ್ಲ. ೨೦೧೬ರಲ್ಲಿ ಸಾಹಿತ್ಯದ ನೊಬೆಲ್ ಪಾರಿತೋಷಕವು ದೊರೆತಂದಿನಿಂದ ಆತನ ಹೆಸರು ನಮ್ಮ ಕಾಲೇಜುಗಳಲ್ಲಿಯೂ ಪರಿಚಿತವಾಗಿದೆ. ಹುಟ್ಟಿದ್ದು ೧೯೪೧ರ ಮೇ ೨೪ರಂದು, ಮಿನೆಸೋಟಾ ರಾಜ್ಯದ ಡುಲೂತಿನಲ್ಲಿ. ಬೆಳೆದದ್ದು ಅದೇ ರಾಜ್ಯದ ಹಿಬಿಂಗ್ ಎಂಬ ಕಬ್ಬಿಣದ ಗಣಿಯ ಊರಿನಲ್ಲಿ. ೧೯೬೧ರ ಆರಂಭದಲ್ಲಿ ನ್ಯೂಯಾರ್ಕಿಗೆ ಬಂದು, ರೋಗಶಯ್ಯೆಯಲ್ಲಿದ್ದ ವುಡಿ ಗಥ್ರಿಯನ್ನು ಗುರುವೆಂದು ಕಂಡು, ಎರಡು ಮೂರು ವರ್ಷಗಳೊಳಗಾಗಿ ಫೋಕ್ ಪುನರುಜ್ಜೀವನದ ಮುಖ್ಯ ಕವಿಯೆನಿಸಿದನು. ೧೯೬೩ರ ಆಗಸ್ಟ್ ೨೮ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಪ್ರಸಿದ್ಧ ಭಾಷಣ ನಡೆದ ವಾಷಿಂಗ್ಟನ್ನಿನ ಸಭೆಯಲ್ಲಿ ಹಾಡಿದವರಲ್ಲಿ ಆತನೂ ಒಬ್ಬ. ೧೯೬೫ರ ಜುಲೈ ೨೫ರಂದು ನ್ಯೂಪೋರ್ಟಿನ ಫೋಕ್ ಉತ್ಸವದಲ್ಲಿ ವಿದ್ಯುತ್ ಗಿಟಾರನ್ನು ಹಿಡಿದು ವೇದಿಕೆಗೆ ಬಂದಾಗ ಸಭಿಕರಲ್ಲಿ ಒಂದು ಭಾಗದವರು ಕೂಗಿ ಪ್ರತಿಭಟಿಸಿದರು. ಮರುವರ್ಷ ಜುಲೈ ೨೯ರಂದು ಮೋಟಾರ್ ಸೈಕಲ್ಲಿನಿಂದ ಬಿದ್ದು ಗಾಯಗೊಂಡು ಕೆಲಕಾಲ ಲೋಕದ ಕಣ್ಣಿಗೆ ಮರೆಯಾದನು. ೧೯೬೭ರ ಡಿಸೆಂಬರಿನಲ್ಲಿ ಹೊರಬಂದ ‘ಜಾನ್ ವೆಸ್ಲಿ ಹಾರ್ಡಿಂಗ್’ ಎಂಬ ಮುದ್ರಿಕೆಯು ಗಿಟಾರ್, ಬಾಸ್, ಡ್ರಮ್ಮು ಇಷ್ಟನ್ನೇ ಬಹುಮಟ್ಟಿಗೆ ನೆಚ್ಚಿಕೊಂಡ ಮಿತಭಾಷಿಯಾದ ಕೃತಿ. ಅದರ ಕೊನೆಯ ಎರಡು ಹಾಡುಗಳಲ್ಲಿ ಮಾತ್ರ ಪೀಟ್ ಡ್ರೇಕ್ ಎಂಬಾತನ ಸ್ಟೀಲ್ ಗಿಟಾರು ಕೇಳಿಸುತ್ತದೆ. ಗಮನವಿಟ್ಟು ಕೇಳಿದವರಿಗೆ ಮುಂದಿನ ಹೆಜ್ಜೆ ಯಾವ ಕಡೆಗೆಂಬುದು ಅಲ್ಲಿಯೇ ತಿಳಿಯಬಹುದಾಗಿತ್ತು. ಆ ಮುದ್ರಿಕೆಯೂ, ಅದಕ್ಕೆ ಹಿಂದಿನ ೧೯೬೬ರ ‘ಬ್ಲಾಂಡ್ ಆನ್ ಬ್ಲಾಂಡ್’ ಎಂಬುದರ ಬಹುಭಾಗವೂ ಸಿದ್ಧವಾದುದು ಟೆನೆಸೀ ರಾಜ್ಯದ ರಾಜಧಾನಿಯಾದ ನ್ಯಾಶ್‌ವಿಲ್ಲಿನಲ್ಲಿಯೇ. ಆದುದರಿಂದ ೧೯೬೯ರ ಕೃತಿಯು ಆಕಸ್ಮಿಕವೆಂಬ ಮಾತು ನಿಲ್ಲುವುದಿಲ್ಲ.

ಈಗ ಮುದ್ರಿಕೆಯ ಮೊದಲನೆಯ ಹಾಡಿಗೆ ಬರೋಣ. ನಮ್ಮ ವಾದಕ್ಕೆ ಇದಕ್ಕಿಂತ ಉತ್ತಮವಾದ ಸಾಕ್ಷ್ಯವಿಲ್ಲ. ‘ಗರ್ಲ್ ಫ್ರಂ ದಿ ನಾರ್ತ್ ಕಂಟ್ರಿ’ ಎಂಬ ಈ ಹಾಡು ಹೊಸದಲ್ಲ. ೧೯೬೩ರ ಮೇ ತಿಂಗಳಿನಲ್ಲಿ ಬಂದ ಆತನ ಎರಡನೆಯ ಮುದ್ರಿಕೆಯಲ್ಲಿಯೇ ಇದೆ. ಆಗ ಒಂದೇ ಗಿಟಾರು, ಒಂದು ಮೌತ್ ಆರ್ಗನ್ನು, ಒಂದು ಒರಟು ಕಂಠ. ೧೯೬೯ರಲ್ಲಿ ಅದೇ ಹಾಡನ್ನು ಕಂಟ್ರಿ ಸಂಗೀತದ ಪ್ರಖ್ಯಾತ ಗಾಯಕ ಜಾನಿ ಕ್ಯಾಶನೊಡನೆ ಕೂಡಿ ಹಾಡಿದ್ದಾನೆ. ಇಬ್ಬರ ದನಿಗಳೂ ಅಲ್ಲಲ್ಲಿ ಹೆಜ್ಜೆ ತಪ್ಪುತ್ತವೆ, ಒಬ್ಬನ ಮಾತು ಇನ್ನೊಬ್ಬನ ಮಾತಿನ ಮೇಲೆ ಬೀಳುತ್ತದೆ. ಅದನ್ನು ತಿದ್ದದೆ ಹಾಗೆಯೇ ಉಳಿಸಿಕೊಂಡಿದ್ದಾರೆ. ಹಾಗಾದರೆ ಈ ಹಾಡು ಫೋಕೋ ಕಂಟ್ರಿಯೋ? ಅದರ ಮೂಲವನ್ನು ಹುಡುಕಿದರೆ ಪ್ರಶ್ನೆಯು ಇನ್ನೂ ಸ್ವಾರಸ್ಯಕರವಾಗುತ್ತದೆ. ೧೯೬೨ರ ಕೊನೆಗೆ ಡಿಲನ್ನನು ಲಂಡನ್ನಿಗೆ ಹೋಗಿದ್ದಾಗ ಮಾರ್ಟಿನ್ ಕಾರ್ಥಿ ಎಂಬ ಆಂಗ್ಲ ಗಾಯಕನಿಂದ ‘ಸ್ಕಾರ್‌ಬರೋ ಫೇರ್’ ಎಂಬ ಹಳೆಯ ಲಾವಣಿಯನ್ನು ಕೇಳಿ ಕಲಿತನು. ಈ ಹಾಡು ಅದರ ಸಂತಾನ. ಆ ಲಾವಣಿಯಾದರೋ ಹಾರ್ವರ್ಡಿನ ಆಚಾರ್ಯ ಫ್ರಾನ್ಸಿಸ್ ಜೇಮ್ಸ್ ಚೈಲ್ಡನು ೧೮೮೨ರಿಂದ ೧೮೯೮ರವರೆಗೆ ಸಂಪಾದಿಸಿ ಪ್ರಕಟಿಸಿದ ೩೦೫ ಲಾವಣಿಗಳ ಸಂಕಲನದಲ್ಲಿ ಎರಡನೆಯದಾದ ‘ಎಲ್ಫಿನ್ ನೈಟ್’ ಎಂಬುದರ ಬಳಗಕ್ಕೆ ಸೇರಿದ್ದು. ಹೀಗೆ ಬ್ರಿಟಿಷ್ ಲಾವಣಿಯೊಂದರಿಂದ ಹುಟ್ಟಿದ ಹಾಡು, ನ್ಯೂಯಾರ್ಕಿನಲ್ಲಿ ಅಚ್ಚಾದಾಗ ಫೋಕ್ ಎನಿಸಿಕೊಂಡು, ಆರು ವರ್ಷಗಳ ಬಳಿಕ ನ್ಯಾಶ್‌ವಿಲ್ಲಿನಲ್ಲಿ ಅಚ್ಚಾದಾಗ ಕಂಟ್ರಿ ಎನಿಸಿಕೊಂಡಿತು. ಸಾಹಿತ್ಯವೂ ಧಾಟಿಯೂ ಮೂಲತಃ ಬದಲಾಗಲಿಲ್ಲ. ಬದಲಾದುದು ಊರು, ಜೊತೆಗಾರರು, ಅಂಗಡಿಯಲ್ಲಿ ಅದನ್ನಿಡುವ ಕಪಾಟು.

ಜೊತೆಗಾರರ ವಿಷಯವನ್ನು ಸ್ವಲ್ಪ ವಿವರಿಸುವುದು ಅಗತ್ಯ. ನ್ಯಾಶ್‌ವಿಲ್ಲಿನ ಮುದ್ರಣಶಾಲೆಗಳಲ್ಲಿ ಗಾಯಕನು ತನ್ನದೇ ತಂಡವನ್ನು ಕರೆತರುವುದು ವಿರಳ. ಮೂರು ಗಂಟೆಯ ಒಂದು ಸರದಿಗೆ ಇಷ್ಟೆಂದು ಸಂಭಾವನೆ ಪಡೆಯುವ ನುರಿತ ವಾದ್ಯಗಾರರು ಅಲ್ಲಿಯೇ ಇರುತ್ತಾರೆ. ಬೆಳಿಗ್ಗೆ ಒಬ್ಬನಿಗೆ, ಮಧ್ಯಾಹ್ನ ಮತ್ತೊಬ್ಬನಿಗೆ ನುಡಿಸಿ ಸಂಜೆ ಮನೆಗೆ ಹೋಗುತ್ತಾರೆ. ಹಾಡನ್ನು ಒಮ್ಮೆ ಕೇಳಿ, ಅದರ ಕಾರ್ಡುಗಳನ್ನು, ಎಂದರೆ ಏಕಕಾಲಕ್ಕೆ ನುಡಿಸುವ ಸ್ವರಗುಚ್ಛಗಳನ್ನು, ಕಾಗದದ ಮೇಲೆ ಬರಿಯ ಅಂಕಿಗಳಿಂದ ಗುರುತು ಹಾಕಿಕೊಳ್ಳುವುದು ಅವರ ಪದ್ಧತಿ. ಆಧಾರಸ್ವರದ ಮೇಲಣದು ಒಂದು, ನಾಲ್ಕನೆಯ ಸ್ವರದ ಮೇಲಣದು ನಾಲ್ಕು, ಹೀಗೆ. ಗಾಯಕನು ಶ್ರುತಿಯನ್ನು ಏರಿಸಿದರೂ ಇಳಿಸಿದರೂ ಅಂಕಿಗಳು ಬದಲಾಗಬೇಕಾದುದಿಲ್ಲ. ಷಡ್ಜವನ್ನು ಬೇಕಾದ ಶ್ರುತಿಯಲ್ಲಿ ಇಟ್ಟುಕೊಳ್ಳುವ ನಮ್ಮ ಸಂಗೀತದ ವಾಚಕರಿಗೆ ಇದರ ಅನುಕೂಲವನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಪದ್ಧತಿಯನ್ನು ಹರಡಿದವರಲ್ಲಿ ಒಬ್ಬನಾದ ಚಾರ್ಲಿ ಮೆಕಾಯ್ ಎಂಬಾತನೂ, ಡ್ರಮ್ಮು ನುಡಿಸುವ ಕೆನ್ನಿ ಬಟ್ರಿಯೂ ಈ ಮುದ್ರಿಕೆಯಲ್ಲಿದ್ದಾರೆ. ನಿರ್ಮಾಪಕನು ಬಾಬ್ ಜಾನ್‌ಸ್ಟನ್. ಕ್ಯಾಶನು ಫಾಲ್ಸಮ್ ಸೆರೆಮನೆಯ ಬಂದಿಗಳೆದುರು ಹಾಡಿದ ೧೯೬೮ರ ಮುದ್ರಿಕೆಯ ನಿರ್ಮಾಪಕನೂ ಇವನೇ. ೧೯೬೯ರ ಫೆಬ್ರವರಿಯ ನಡುಭಾಗದಲ್ಲಿ ಕೆಲವೇ ದಿನಗಳೊಳಗೆ ಕೆಲಸವೆಲ್ಲ ಮುಗಿದುಹೋಯಿತು. ‘ಲೇ ಲೇಡಿ ಲೇ’ ಎಂಬ ಹಾಡಿಗೆ ಯಾವ ತಾಳವಾದ್ಯವಿರಬೇಕೆಂದು ಬಟ್ರಿಯು ಕೇಳಿದಾಗ ಒಬ್ಬನು ಬೋಂಗೋ ಎಂದನಂತೆ, ಇನ್ನೊಬ್ಬನು ಹಸುವಿನ ಕೊರಳ ಗಂಟೆ ಎಂದನಂತೆ. ಆತನು ಎರಡನ್ನೂ ಕೂಡಿಸಿ ನುಡಿಸಿದನು. ಆಗ ಅವುಗಳನ್ನು ಕೈಯಲ್ಲಿ ಹಿಡಿದು ನಿಂತವನು ಮುದ್ರಣಶಾಲೆಯ ಕಸಗುಡಿಸುವ ಕೆಲಸದಲ್ಲಿದ್ದ ಕ್ರಿಸ್ ಕ್ರಿಸ್ಟಾಫರ್ಸನ್ ಎಂದು ಬಟ್ರಿಯು ಮುಂದೆ ಹೇಳಿಕೊಂಡಿದ್ದಾನೆ. ಆ ಕ್ರಿಸ್ಟಾಫರ್ಸನನೇ ಮುಂದೆ ಕಂಟ್ರಿ ಸಂಗೀತದ ಹಿರಿಯ ಗೀತಕಾರರಲ್ಲಿ ಒಬ್ಬನಾದನು.

ಕಂಟ್ರಿ ಸಂಗೀತದ ಗುರುತಿನ ನಾದವೆಂದರೆ ಡ್ರೇಕನು ನುಡಿಸಿದ ಪೆಡಲ್ ಸ್ಟೀಲ್ ಗಿಟಾರು. ಇದನ್ನು ಮೇಜಿನಂತೆ ಅಡ್ಡಲಾಗಿರಿಸಿ, ತಂತಿಗಳ ಮೇಲೆ ಉಕ್ಕಿನ ಸರಳನ್ನು ಜಾರಿಸಿ, ಕಾಲಿನ ತುಳಿಗೆಗಳಿಂದ ತಂತಿಯ ಬಿಗಿಯನ್ನು ಬದಲಿಸುತ್ತ ನುಡಿಸಬೇಕು. ಸ್ವರದಿಂದ ಸ್ವರಕ್ಕೆ ಕಡಿತವಿಲ್ಲದೆ ಹರಿಯುವ ಆ ಜಾರುವಿಕೆಯನ್ನು ಅಮೆರಿಕದ ದಕ್ಷಿಣ ಪ್ರಾಂತದ ಹೃದಯದ ದನಿಯೆಂದು ಹೊಗಳುವುದುಂಟು. ಆದರೆ ಸರಳನ್ನು ಜಾರಿಸುವ ಈ ವಿದ್ಯೆಯು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹವಾಯಿ ದ್ವೀಪಗಳಲ್ಲಿ ಹುಟ್ಟಿದುದು. ಅದೇ ಹವಾಯಿಯನ್ ಗಿಟಾರು ಭಾರತಕ್ಕೂ ಬಂದು, ಬ್ರಿಜ್‌ಭೂಷಣ್ ಕಾಬ್ರಾ, ವಿಶ್ವಮೋಹನ ಭಟ್ಟ ಮೊದಲಾದವರ ಕೈಯಲ್ಲಿ ಹಿಂದೂಸ್ತಾನಿ ರಾಗಗಳನ್ನು ನುಡಿಯಿತು. ಕಂಟ್ರಿ ಸಂಗೀತದ ಇನ್ನೊಂದು ಗುರುತಾದ ಬ್ಯಾಂಜೋ ಆಫ್ರಿಕದಿಂದ ಗುಲಾಮರಾಗಿ ಬಂದವರ ವಾದ್ಯ. ಅಚ್ಚ ಸ್ವದೇಶಿಯೆಂದು ಹೆಮ್ಮೆಪಡುವ ಸಂಗೀತವೊಂದರ ಎರಡು ಮುಖ್ಯ ನಾದಗಳೂ ಹೀಗೆ ಹೊರಗಿನಿಂದ ಬಂದುವು.

ಇನ್ನು ಗಡಿಯ ವಿಚಾರ. ಮೊದಲು ಅದನ್ನೆಳೆದವರು ವಿದ್ವಾಂಸರು. ಇಂಗ್ಲೆಂಡಿನ ಸೆಸಿಲ್ ಶಾರ್ಪನು ೧೯೧೬ರಿಂದ ೧೯೧೮ರವರೆಗೆ ಅಪಲೇಚಿಯನ್ ಬೆಟ್ಟಸೀಮೆಯಲ್ಲಿ ಅಲೆದು ನೂರಾರು ಹಾಡುಗಳನ್ನು ಬರೆದುಕೊಂಡನು. ಆತನು ಅರಸಿದ್ದು ಇಂಗ್ಲೆಂಡಿನಲ್ಲಿ ನಶಿಸುತ್ತಿದ್ದ ಹಾಡುಗಳ ಉಳಿಕೆಯನ್ನು. ಆ ಬೆಟ್ಟದ ಜನರು ಹಳೆಯ ಲಾವಣಿಗಳ ಜೊತೆಯಲ್ಲಿಯೇ ನಿನ್ನೆ ಮೊನ್ನೆ ಪಟ್ಟಣದಿಂದ ಬಂದ ಹಾಡುಗಳನ್ನೂ ಭಜನೆಗಳನ್ನೂ ಕರಿಯರಿಂದ ಕಲಿತುದನ್ನೂ ಭೇದವಿಲ್ಲದೆ ಹಾಡುತ್ತಿದ್ದರು. ಆದರೆ ಸಂಗ್ರಾಹಕನ ಜರಡಿಯಲ್ಲಿ ನಿಂತವು ಅವನಿಗೆ ಬೇಕಾದುವು ಮಾತ್ರ. ಹಾಡುವವರ ಬಾಯಲ್ಲಿ ಒಂದಾಗಿದ್ದುದು ಪುಸ್ತಕದಲ್ಲಿ ಬೇರೆಯಾಯಿತು.

ಎರಡನೆಯ ಬಾರಿ ಗೆರೆಯೆಳೆದವರು ವ್ಯಾಪಾರಿಗಳು. ೧೯೨೦ರ ದಶಕದಲ್ಲಿ ರೇಡಿಯೋ ಬಂದು ಪಟ್ಟಣಗಳಲ್ಲಿ ಗ್ರಾಮಫೋನ್ ತಟ್ಟೆಗಳ ಮಾರಾಟಕ್ಕೆ ಪೆಟ್ಟು ಬೀಳತೊಡಗಲು ಕಂಪೆನಿಗಳು ಹೊಸ ಗಿರಾಕಿಗಳನ್ನು ಹುಡುಕಿಕೊಂಡು ದಕ್ಷಿಣದ ಹಳ್ಳಿಗಳತ್ತ ತಿರುಗಿದುವು. ರಾಲ್ಫ್ ಪಿಯರ್ ಎಂಬ ಮುದ್ರಣಾಧಿಕಾರಿಯು ೧೯೨೩ರಲ್ಲಿ ಅಟ್ಲಾಂಟಾ ನಗರದಲ್ಲಿ ಜಾನ್ ಕಾರ್ಸನ್ ಎಂಬ ಪಿಟೀಲುಗಾರನ ಹಾಡನ್ನು ಮುದ್ರಿಸಿದನು. ೧೯೨೭ರ ಜುಲೈ ಕೊನೆಯಿಂದ ಆಗಸ್ಟ್ ಮೊದಲವರೆಗೆ ಟೆನೆಸೀ ಮತ್ತು ವರ್ಜೀನಿಯಾ ಗಡಿಯ ಬ್ರಿಸ್ಟಲ್ ಎಂಬ ಊರಿನಲ್ಲಿ ಬೀಡುಬಿಟ್ಟು ಅವನು ಮುದ್ರಿಸಿದವರಲ್ಲಿ ಕಾರ್ಟರ್ ಕುಟುಂಬದವರೂ, ರೈಲ್ವೆಯಲ್ಲಿ ದುಡಿದಿದ್ದ ಜಿಮ್ಮಿ ರಾಜರ್ಸನೂ ಇದ್ದರು. ಕಂಟ್ರಿ ಸಂಗೀತದ ಚರಿತ್ರಕಾರರು ಅಲ್ಲಿಂದಲೇ ತಮ್ಮ ಕಥೆಯನ್ನು ಆರಂಭಿಸುವುದು ವಾಡಿಕೆ. ಕಂಪೆನಿಗಳು ಮಾರಾಟದ ಅನುಕೂಲಕ್ಕಾಗಿ ತಮ್ಮ ಪಟ್ಟಿಗಳನ್ನು ಎರಡಾಗಿ ಸೀಳಿದುವು: ಬಿಳಿಯರು ಹಾಡಿ ಬಿಳಿಯರು ಕೊಳ್ಳತಕ್ಕವು ‘ಹಿಲ್‌ಬಿಲಿ’, ಕರಿಯರು ಹಾಡಿ ಕರಿಯರು ಕೊಳ್ಳತಕ್ಕವು ‘ರೇಸ್’. ಸಂಗೀತವು ಈ ಸೀಳಿಗೆ ಒಪ್ಪಿತ್ತೆ? ಎ. ಪಿ. ಕಾರ್ಟರನು ಹಾಡುಗಳನ್ನು ಕೂಡಿಹಾಕಲು ಊರೂರು ತಿರುಗಿದಾಗ ಜೊತೆಯಲ್ಲಿದ್ದು ಧಾಟಿಗಳನ್ನು ನೆನಪಿಟ್ಟುಕೊಂಡು ಬಂದವನು ಲೆಸ್ಲಿ ರಿಡಲ್ ಎಂಬ ಕರಿಯ ಗಿಟಾರುಗಾರ. ರಾಜರ್ಸನು ೧೯೩೦ರಲ್ಲಿ ಮುದ್ರಿಸಿದ ಒಂದು ಹಾಡಿಗೆ ಟ್ರಂಪೆಟ್ ನುಡಿಸಿದವನು ಲೂಯಿ ಆರ್ಮ್‌ಸ್ಟ್ರಾಂಗ್. ನ್ಯಾಶ್‌ವಿಲ್ಲಿನಲ್ಲಿ ವಿಮಾ ಕಂಪೆನಿಯೊಂದರ ಒಡೆತನದಲ್ಲಿದ್ದ ಡಬ್ಲ್ಯು. ಎಸ್. ಎಂ. ರೇಡಿಯೋ ನಿಲಯವು ೧೯೨೫ರಲ್ಲಿ ಆರಂಭಿಸಿದ, ಮುಂದೆ ‘ಗ್ರಾಂಡ್ ಓಲ್ ಆಪ್ರಿ’ ಎಂದು ಹೆಸರಾದ ಕಾರ್ಯಕ್ರಮದ ಮೊದಲ ತಾರೆಗಳಲ್ಲಿ ಒಬ್ಬನಾದ ಡಿಫೋರ್ಡ್ ಬೈಲಿ ಎಂಬಾತನು ಕರಿಯ ಮೌತ್ ಆರ್ಗನ್ ವಾದಕ. ೧೯೪೧ರಲ್ಲಿ ಆತನನ್ನು ಕೈಬಿಟ್ಟರು. ಪಟ್ಟಿಗಳು ಮೊದಲು ಬಂದುವು. ಆಮೇಲೆ ಆ ಪಟ್ಟಿಗೆ ಹೊಂದುವಂತೆ ಜನರ ನೆನಪನ್ನೇ ತಿದ್ದಲಾಯಿತು. ಈ ವಿಷಯದಲ್ಲಿ ಕಂಟ್ರಿ ಎಂಬ ಹೆಸರು ಮಾಡಿದ ಅನ್ಯಾಯವು ಡಿಲನ್ನನ ಅಭಿಮಾನಿಗಳ ಬೇಸರಕ್ಕಿಂತ ಬಹಳ ದೊಡ್ಡದೆಂದು ಹೇಳದೆ ವಿಧಿಯಿಲ್ಲ.

ಮೂರನೆಯ ಗೆರೆ ರಾಜಕೀಯದ್ದು. ಹಿಲ್‌ಬಿಲಿ ಎಂಬ ಮಾತಿನಲ್ಲಿ ಹಳ್ಳಿಗಮಾರನೆಂಬ ತಿರಸ್ಕಾರವಿದ್ದುದರಿಂದ ವ್ಯಾಪಾರಿಗಳಿಗೆ ಅದು ಸೊಗಸಲಿಲ್ಲ. ೧೯೪೪ರಲ್ಲಿ ‘ಬಿಲ್‌ಬೋರ್ಡ್’ ಎಂಬ ವ್ಯಾಪಾರೀ ಪತ್ರಿಕೆಯು ಈ ಹಾಡುಗಳ ಜನಪ್ರಿಯತೆಯ ಪಟ್ಟಿಯನ್ನು ಆರಂಭಿಸಿದಾಗ ಅದಕ್ಕಿಟ್ಟ ಹೆಸರು ‘ಫೋಕ್’ ಎಂದೇ! ೧೯೪೯ರಲ್ಲಿ ಅದನ್ನು ಬಿಟ್ಟು ‘ಕಂಟ್ರಿ ಅಂಡ್ ವೆಸ್ಟರ್ನ್’ ಎಂದು ಬದಲಿಸಿದರು. ಈ ಐದು ವರ್ಷಗಳ ಅವಧಿಯು ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ೧೯೩೦ರ ದಶಕದಿಂದಲೂ ವುಡಿ ಗಥ್ರಿ, ಪೀಟ್ ಸೀಗರ್, ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಮೊದಲಾದವರು ಹಳ್ಳಿಯ ಹಾಡನ್ನು ಕಾರ್ಮಿಕ ಚಳವಳಿಗೂ ಎಡಪಂಥದ ರಾಜಕೀಯಕ್ಕೂ ಬೆಸೆದಿದ್ದರು. ಎರಡನೆಯ ಮಹಾಯುದ್ಧದ ಬಳಿಕ ಕಮ್ಯುನಿಸ್ಟರ ಬೇಟೆ ಆರಂಭವಾಗಲು ಫೋಕ್ ಎಂಬ ಹೆಸರಿಗೆ ಕೆಂಪುಬಣ್ಣ ಅಂಟಿಕೊಂಡಿತು. ಸೀಗರನಿದ್ದ ‘ವೀವರ್ಸ್’ ತಂಡದ ಹಾಡು ೧೯೫೦ರಲ್ಲಿ ದೇಶಕ್ಕೆಲ್ಲ ಮೊದಲನೆಯದಾಗಿ ನಿಂತಿತ್ತು. ಸ್ವಲ್ಪ ಕಾಲದಲ್ಲಿಯೇ ಆ ತಂಡಕ್ಕೆ ರೇಡಿಯೋ, ಟೆಲಿವಿಷನ್ನುಗಳ ಬಾಗಿಲು ಮುಚ್ಚಿತು. ಸೀಗರನು ೧೯೫೫ರಲ್ಲಿ ಸಂಸತ್ತಿನ ವಿಚಾರಣಾ ಸಮಿತಿಯ ಮುಂದೆ ಉತ್ತರ ಕೊಡಲು ನಿರಾಕರಿಸಿದನು. ಅದಕ್ಕಾಗಿ ಅಪರಾಧಿಯೆನಿಸಿ, ೧೯೬೨ರಲ್ಲಿ ಮೇಲಿನ ನ್ಯಾಯಾಲಯದಿಂದ ಬಿಡುಗಡೆ ಹೊಂದಿದನು. ಇಂಥ ಕಾಲದಲ್ಲಿ ನ್ಯಾಶ್‌ವಿಲ್ಲಿನ ವ್ಯಾಪಾರಿಗಳಿಗೆ ಫೋಕ್ ಎಂಬ ಹೆಸರು ಬೇಡವಾದುದು ಆಶ್ಚರ್ಯವಲ್ಲ. ಕಾಲೇಜು ವಿದ್ಯಾರ್ಥಿಗಳೂ ಉತ್ತರದ ನಗರಗಳ ಬುದ್ಧಿಜೀವಿಗಳೂ ಫೋಕ್ ಎಂಬುದನ್ನು ಉಳಿಸಿಕೊಂಡರು. ಆ ಹಾಡುಗಳನ್ನು ಕಟ್ಟಿದ ಕುಲದವರು ಮಾತ್ರ ಕಂಟ್ರಿಯ ಕಡೆಗೆ ಉಳಿದರು.

ಗಥ್ರಿಯ ಜೀವನವನ್ನೇ ನೋಡಬಹುದು. ಓಕ್ಲಹೋಮಾದಲ್ಲಿ ಹುಟ್ಟಿದ ಆತನು ೧೯೩೭ರಲ್ಲಿ ಲಾಸ್ ಏಂಜಲೀಸಿನ ರೇಡಿಯೋದಲ್ಲಿ ಹೆಸರು ಪಡೆದುದು ಹಿಲ್‌ಬಿಲಿ ಗಾಯಕನೆಂದು. ೧೯೪೦ರಲ್ಲಿ ಬರೆದ ‘ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್’ ಎಂಬ ಆತನ ಅತಿಪ್ರಸಿದ್ಧ ಗೀತದ ಧಾಟಿಯು ಕಾರ್ಟರ್ ಕುಟುಂಬದ ಹಾಡೊಂದರಿಂದ ಎತ್ತಿಕೊಂಡದ್ದು. ಆ ಕುಟುಂಬದ ಮೇಬೆಲ್ ಕಾರ್ಟರಳ ಮಗಳಾದ ಜೂನ್ ಕಾರ್ಟರಳನ್ನು ಜಾನಿ ಕ್ಯಾಶನು ೧೯೬೮ರ ಮಾರ್ಚಿಯಲ್ಲಿ ಮದುವೆಯಾದನು. ಎಂದರೆ ೧೯೬೯ರ ಫೆಬ್ರವರಿಯಲ್ಲಿ ಮೈಕಿನ ಮುಂದೆ ನಿಂತ ಇಬ್ಬರಲ್ಲಿ ಒಬ್ಬನು ಗುರುಪರಂಪರೆಯಿಂದ ಕಾರ್ಟರ್ ಮನೆತನದ ಮೊಮ್ಮಗ, ಮತ್ತೊಬ್ಬನು ಲಗ್ನದಿಂದ ಅದೇ ಮನೆತನದ ಅಳಿಯ. ಹೊರಗಿನವರು ಇದನ್ನು ಎರಡು ವಿರೋಧಿ ಪಕ್ಷಗಳ ಭೇಟಿಯೆಂದು ಕಂಡರು. ವಂಶವೃಕ್ಷವನ್ನು ಬರೆದು ನೋಡಿದರೆ ಅದು ಮನೆಮಂದಿಯ ಭೇಟಿ.

ಆದರೂ ಅಂದಿನ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ೧೯೬೮ರ ಅಧ್ಯಕ್ಷ ಚುನಾವಣೆಯಲ್ಲಿ ವರ್ಣಭೇದವಾದಿಯಾದ ಜಾರ್ಜ್ ವಾಲೆಸನು ದಕ್ಷಿಣದ ಐದು ರಾಜ್ಯಗಳನ್ನು ಗೆದ್ದಿದ್ದನು. ಅವನ ಪ್ರಚಾರಸಭೆಗಳಲ್ಲಿ ಮೊಳಗುತ್ತಿದ್ದುದು ಕಂಟ್ರಿ ಸಂಗೀತ. ಯುದ್ಧವಿರೋಧಿ ಯುವಕರನ್ನು ಹಂಗಿಸುವ ಮರ್ಲ್ ಹ್ಯಾಗರ್ಡನ ‘ಓಕಿ ಫ್ರಂ ಮಸ್ಕೋಗಿ’ ಪ್ರಕಟವಾದುದು ‘ನ್ಯಾಶ್‌ವಿಲ್ ಸ್ಕೈಲೈನ್’ ಬಂದ ವರ್ಷವೇ. ವಿಯೆಟ್ನಾಮಿನಲ್ಲಿ ಸಾವಿರಾರು ಜನ ಸಾಯುತ್ತಿದ್ದಾಗ ನಮ್ಮ ಕವಿಯು ನಲ್ಲೆಯನ್ನೂ ಹಳ್ಳಿಯ ಕಡುಬನ್ನೂ ಕುರಿತು ಹಾಡುತ್ತಿರುವನಲ್ಲಾ ಎಂಬ ಸಂಕಟವು ಕೃತ್ರಿಮವಾದುದಲ್ಲ. ಆದರೆ ಎರಡು ಸಂಗತಿಗಳನ್ನು ನೆನಪಿಡಬೇಕು. ಡಿಲನ್ನನು ಪ್ರತಿಭಟನೆಯ ಹಾಡುಗಳಿಂದ ಹಿಂದೆ ಸರಿದುದು ೧೯೬೪ರ ಬೇಸಗೆಯ ಹೊತ್ತಿಗೇ. ಆ ಮೌನದ ಹೊರೆಯನ್ನು ಐದು ವರ್ಷಗಳ ಬಳಿಕ ಬಂದ ಸ್ಟೀಲ್ ಗಿಟಾರಿನ ಮೇಲೆ ಹೊರಿಸಲಾಗದು. ಎರಡನೆಯದಾಗಿ, ಕಂಟ್ರಿಯೆಲ್ಲ ಸ್ಥಿತಿಪಾಲಕರ ಸೊತ್ತೆಂಬುದಕ್ಕೆ ಕ್ಯಾಶನೇ ಪ್ರತ್ಯಕ್ಷ ವಿರೋಧ. ಆತನು ಬೆಳೆದ ಅರ್ಕನ್ಸಾದ ಡೈಯೆಸ್ ಎಂಬ ಊರು ರೂಸ್‌ವೆಲ್ಟ್ ಸರ್ಕಾರವು ಬಡ ರೈತರಿಗಾಗಿ ಹೂಡಿದ ನೆಲೆ. ೧೯೬೪ರಲ್ಲಿ ಅಮೆರಿಕದ ಮೂಲನಿವಾಸಿಗಳಿಗಾದ ಅನ್ಯಾಯವನ್ನೇ ವಸ್ತುವಾಗುಳ್ಳ ಪೂರ್ಣ ಮುದ್ರಿಕೆಯೊಂದನ್ನು ಆತನು ಹೊರತಂದನು. ಅದೇ ವರ್ಷ ಫೋಕ್ ಪತ್ರಿಕೆಯೊಂದರಲ್ಲಿ ಡಿಲನ್ನನ ಮೇಲೆ ಟೀಕೆಗಳು ಬಂದಾಗ ಆತನ ಪರವಾಗಿ ಕಾಗದ ಬರೆದವನೂ ಕ್ಯಾಶನೇ.

ಹಾಡುಗಳ ಯೋಗ್ಯತೆಯೇನು? ಎಲ್ಲವೂ ಸಮಾನವಲ್ಲ. ‘ಪೆಗಿ ಡೇ’, ‘ಕಂಟ್ರಿ ಪೈ’ ಎಂಬುವು ಬಿಡುವಿನ ವೇಳೆಯ ಚೇಷ್ಟೆಗಳು; ಇಲ್ಲದಿದ್ದರೆ ನಷ್ಟವೇನೂ ಆಗುತ್ತಿರಲಿಲ್ಲ. ‘ಐ ಥ್ರೂ ಇಟ್ ಆಲ್ ಅವೇ’ ಎಂಬುದು ಮಾತ್ರ ನಮ್ಮ ಅಭಿಪ್ರಾಯದಲ್ಲಿ ಆತನ ಶ್ರೇಷ್ಠ ರಚನೆಗಳ ಸಾಲಿಗೆ ಸೇರತಕ್ಕದ್ದು: ಕೈಯಲ್ಲಿದ್ದ ಪ್ರೀತಿಯನ್ನು ತಾನೇ ಕಳೆದುಕೊಂಡವನ ಪಶ್ಚಾತ್ತಾಪವನ್ನು ಅಲಂಕಾರವಿಲ್ಲದ ನಾಲ್ಕು ಮಾತುಗಳಲ್ಲಿ ಹೇಳಿ ಮುಗಿಸುತ್ತದೆ. ಭಾಷೆಯು ಸವೆದುದು, ಉಪಮೆಗಳು ಹಳಸಿದುವು, ಹಿಂದಿನ ಪ್ರತಿಮಾಸಮೃದ್ಧಿ ಎಲ್ಲಿ ಹೋಯಿತು ಎಂದು ವಿಮರ್ಶಕರು ಕೇಳಿದರು. ಈ ಪ್ರಶ್ನೆಯಲ್ಲಿ ಒಂದು ವಿಪರ್ಯಾಸವಿದೆ. ಬಾಯಿಂದ ಬಾಯಿಗೆ ಹರಿದುಬರುವ ಕಾವ್ಯದ ಲಕ್ಷಣವೇ ಸಿದ್ಧಪದಗುಚ್ಛಗಳ ಬಳಕೆ. ಯೂಗೊಸ್ಲಾವಿಯಾದ ಗಾಯಕರನ್ನು ಅಭ್ಯಸಿಸಿ ಮಿಲ್‌ಮನ್ ಪ್ಯಾರಿ, ಆಲ್ಬರ್ಟ್ ಲಾರ್ಡ್ ಎಂಬ ವಿದ್ವಾಂಸರು ಇದನ್ನು ವಿಶದಪಡಿಸಿದ್ದಾರೆ. ಎಲ್ಲರಿಗೂ ಸೇರಿದ ಮಾತುಗಳನ್ನೇ ಹೊಸ ದುಃಖಕ್ಕೆ ಜೋಡಿಸುವುದು ಜನರ ಹಾಡಿನ ಹಳೆಯ ಕಸುಬು. ಹಾಗಿರುವಲ್ಲಿ ೧೯೬೫ರ ಸುಮಾರಿನ ಆತನ ಅಪೂರ್ವ ಪ್ರತಿಮೆಗಳಿಗಿಂತ ೧೯೬೯ರ ಈ ಸವೆದ ಮಾತುಗಳೇ ನಿಜವಾದ ಅರ್ಥದಲ್ಲಿ ಫೋಕ್ ರೀತಿಗೆ ಸಮೀಪವಾದುವು. ಫೋಕ್ ಹೆಸರಿನಲ್ಲಿ ಕೇಳುಗರು ಮೆಚ್ಚಿದ್ದುದು ವ್ಯಕ್ತಿಪ್ರತಿಭೆಯ ಕವಿತೆಯನ್ನು. ಮೆಚ್ಚಿದುದು ತಪ್ಪಲ್ಲ, ಅದಕ್ಕಿಟ್ಟ ಹೆಸರು ಹೊಂದುವುದಿಲ್ಲ, ಅಷ್ಟೆ.

ಕಂಠವೂ ಬದಲಾಗಿತ್ತು. ಮೂಗಿನ ಕರಕರೆ ಹೋಗಿ ಮೃದುವಾದ ಮಂದ್ರ ಬಂದಿತ್ತು. ಸಿಗರೇಟು ಬಿಟ್ಟುದರ ಫಲವೆಂದು ಡಿಲನ್ನನು ಅದೇ ವರ್ಷದ ಸಂದರ್ಶನವೊಂದರಲ್ಲಿ ಹೇಳಿದನು. ಉದ್ದೇಶದ ವಿಷಯದಲ್ಲಿಯೂ ಆತನ ಹೇಳಿಕೆಯೊಂದಿದೆ: ತನ್ನನ್ನು ಒಂದು ಪೀಳಿಗೆಯ ವಕ್ತಾರನೆಂದು ಬೆನ್ನಟ್ಟುತ್ತಿದ್ದ ಜನರಿಂದ ಪಾರಾಗಲೆಂದೇ ಪಳಗಿದಂತೆ ತೋರುವ ಕಂಟ್ರಿ ಮುದ್ರಿಕೆಯನ್ನು ಮಾಡಿದೆನೆಂದು ೨೦೦೪ರಲ್ಲಿ ಪ್ರಕಟವಾದ ‘ಕ್ರಾನಿಕಲ್ಸ್’ ಎಂಬ ಆತ್ಮಕಥನದಲ್ಲಿ ಬರೆದಿದ್ದಾನೆ. ಮೂವತ್ತೈದು ವರ್ಷಗಳ ಬಳಿಕ ಬರೆದ ಆತ್ಮಕಥನವನ್ನು ಸಾಕ್ಷಿಯ ಕಟಕಟೆಗೆ ಕರೆಯುವಾಗ ಚರಿತ್ರೆಯ ವಿದ್ಯಾರ್ಥಿಯು ಎಚ್ಚರದಿಂದಿರಬೇಕು. ಅದೇ ಪುಸ್ತಕದಲ್ಲಿ ಬಾಲ್ಯದಲ್ಲಿ ಹ್ಯಾಂಕ್ ವಿಲಿಯಮ್ಸನ ಹಾಡುಗಳು ತನ್ನನ್ನು ಹಿಡಿದು ನಿಲ್ಲಿಸಿದುದನ್ನೂ ಬರೆದಿದ್ದಾನೆ. ಪಲಾಯನಕ್ಕೆ ಎಲ್ಲರೂ ತಾವು ಬಾಲ್ಯದಲ್ಲಿ ಬಲ್ಲ ದಾರಿಯನ್ನೇ ಹಿಡಿಯುತ್ತಾರೆ.

ಮುದ್ರಿಕೆಯು ಅಮೆರಿಕದ ಪಟ್ಟಿಯಲ್ಲಿ ಮೂರನೆಯ ಸ್ಥಾನಕ್ಕೂ ಬ್ರಿಟನ್ನಿನಲ್ಲಿ ಮೊದಲನೆಯ ಸ್ಥಾನಕ್ಕೂ ಏರಿತು. ಅದರ ಹೊದಿಕೆಗೆ ಕ್ಯಾಶನು ಬರೆದ ಪದ್ಯರೂಪದ ಟಿಪ್ಪಣಿಗೆ ಗ್ರ್ಯಾಮಿ ಪ್ರಶಸ್ತಿ ಬಂದಿತು. ೧೯೬೯ರ ಜೂನ್ ೭ರಂದು ನ್ಯಾಶ್‌ವಿಲ್ಲಿನ ರೈಮನ್ ಸಭಾಂಗಣದಿಂದ, ಎಂದರೆ ‘ಆಪ್ರಿ’ಯ ಮನೆಯಿಂದಲೇ, ಕ್ಯಾಶನ ಟೆಲಿವಿಷನ್ ಕಾರ್ಯಕ್ರಮವು ಆರಂಭವಾದಾಗ ಮೊದಲ ಸಂಚಿಕೆಯ ಅತಿಥಿಗಳಲ್ಲಿ ಡಿಲನ್ನನೂ ಜೋನಿ ಮಿಚೆಲಳೂ ಇದ್ದರು. ಮರುವರ್ಷ ಅದೇ ಕಾರ್ಯಕ್ರಮದಲ್ಲಿ ಪೀಟ್ ಸೀಗರನೂ ಹಾಡಿದನು. ಹದಿನೈದು ವರ್ಷಗಳ ಹಿಂದೆ ವಿಚಾರಣಾ ಸಮಿತಿಯ ಮುಂದೆ ನಿಂತಿದ್ದವನು ಅವನೇ ಎಂಬುದನ್ನು ವಾಚಕರು ಮರೆತಿರಲಾರರು.

ಇನ್ನೊಂದು ಸಾಕ್ಷ್ಯವು ಬಹುಕಾಲ ಸಾರ್ವಜನಿಕರ ಕೈಗೆ ದೊರೆತಿರಲಿಲ್ಲ. ೧೯೬೯ರ ಫೆಬ್ರವರಿ ೧೭, ೧೮ರಂದು ಡಿಲನ್ ಮತ್ತು ಕ್ಯಾಶ್ ಕೂಡಿ ಹಾಡಿದ ಹಲವು ಹಾಡುಗಳಲ್ಲಿ ಒಂದು ಮಾತ್ರ ಅಂದಿನ ಮುದ್ರಿಕೆಗೆ ಸೇರಿತ್ತು. ಉಳಿದುವನ್ನು ೨೦೧೯ರ ನವೆಂಬರಿನಲ್ಲಿ ಕೊಲಂಬಿಯಾ ಸಂಸ್ಥೆಯವರು ಅಧಿಕೃತವಾಗಿ ಪ್ರಕಟಿಸಿದರು. ಅವುಗಳಲ್ಲಿ ಜಿಮ್ಮಿ ರಾಜರ್ಸನ ಹಾಡುಗಳಿವೆ. ಗಿಟಾರು ನುಡಿಸಲು ಕಾರ್ಲ್ ಪರ್ಕಿನ್ಸನಿದ್ದಾನೆ. ನಮಗೆ ಅತ್ಯಂತ ಮುಖ್ಯವಾಗಿ ಕಾಣುವುದು ಬೇರೊಂದು ತುಣುಕು. ಡಿಲನ್ನನ ೧೯೬೩ರ ಮುದ್ರಿಕೆಯಲ್ಲಿ ‘ಡೋಂಟ್ ಥಿಂಕ್ ಟ್ವೈಸ್’ ಎಂಬ ಹಾಡಿದೆ; ಅದರ ಧಾಟಿಯನ್ನು ಆತನು ಪಾಲ್ ಕ್ಲೇಟನ್ ಎಂಬ ಫೋಕ್ ಗಾಯಕನಿಂದ ಪಡೆದನು, ಕ್ಲೇಟನನು ಇನ್ನೂ ಹಳೆಯ ಹಾಡೊಂದರಿಂದ ಪಡೆದಿದ್ದನು. ಅದೇ ಧಾಟಿಯನ್ನು ಎತ್ತಿಕೊಂಡು ಕ್ಯಾಶನು ‘ಅಂಡರ್‌ಸ್ಟ್ಯಾಂಡ್ ಯುವರ್ ಮ್ಯಾನ್’ ಎಂಬುದನ್ನು ಕಟ್ಟಲು, ೧೯೬೪ರಲ್ಲಿ ಅದು ‘ಬಿಲ್‌ಬೋರ್ಡ್’ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ ಮೊದಲನೆಯದಾಗಿ ನಿಂತಿತು. ನ್ಯಾಶ್‌ವಿಲ್ಲಿನ ಆ ದಿನ ಒಬ್ಬನು ಒಂದನ್ನೂ ಮತ್ತೊಬ್ಬನು ಇನ್ನೊಂದನ್ನೂ ಏಕಕಾಲಕ್ಕೆ ಹಾಡುತ್ತಾರೆ. ಮಾತುಗಳು ಬೇರೆ ಬೇರೆ, ಧಾಟಿ ಒಂದೇ, ಕೆಳಗೆ ವಾದ್ಯಗಾರರು ಒಂದೇ ಅಂಕಿಗಳ ಕಾಗದವನ್ನು ನೋಡಿಕೊಂಡು ನುಡಿಸಿದರೂ ಸಾಕಾಗುವಂತಿದೆ.